ಇಪ್ಪತ್ತನಾಲ್ಕು ಗಂಟೆಯ ಲೆಕ್ಕ

ಆಸ್ಪತ್ರೆಯ ಲ್ಯಾಬಿನ ಮುಂದೆ ಕಾಯುವ ಹೆಂಗಸರನ್ನು ಒಮ್ಮೆ ಗಮನಿಸಿ ನೋಡಿ. ರಕ್ತ ಕೊಟ್ಟು ಬಂದವರು ಮೊಣಕೈ ಮಡಿಸಿ, ಹತ್ತಿ ಒತ್ತಿಕೊಂಡು, ನಾಲ್ಕು ಜನರ ಎದುರೇ ಕೂತಿರುತ್ತಾರೆ. ಮೂತ್ರದ ಡಬ್ಬಿ ಹಿಡಿದವರು ಮಾತ್ರ ಅದನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು, ಯಾರೂ ನೋಡದ ಹೊತ್ತಿನಲ್ಲಿ ಮೆಲ್ಲಗೆ ಕಟ್ಟೆಯ ಮೇಲಿಟ್ಟು ಸರಿದುಬಿಡುತ್ತಾರೆ. ರಕ್ತಕ್ಕಿರುವ ಮರ್ಯಾದೆ ಮೂತ್ರಕ್ಕಿಲ್ಲ. ಆದರೆ ರೋಗ ಕಂಡುಹಿಡಿಯುವ ವಿದ್ಯೆಯಲ್ಲಿ ಇದೇ ಹಿರಿಯದು. ನಮ್ಮ ಹಳೆಯ ವೈದ್ಯರು ಸಕ್ಕರೆ ಕಾಯಿಲೆಗೆ ಮಧುಮೇಹ ಎಂದು ಹೆಸರಿಟ್ಟದ್ದೇ ಮೂತ್ರದ ಸಿಹಿಯನ್ನು ಗುರುತಿಸಿ. ಯೂರೋಪಿನ ಮಧ್ಯಯುಗದ ಚಿತ್ರಗಳಲ್ಲಿ ವೈದ್ಯನೆಂದರೆ ಮೂತ್ರ ತುಂಬಿದ ಗಾಜಿನ ಬುರುಡೆಯನ್ನು ಬೆಳಕಿಗೆ ಹಿಡಿದು ನೋಡುವವನು.

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ರಸಾಯನಶಾಸ್ತ್ರಕ್ಕೂ ನನಗೂ ದೂರ. ಆದರೂ ಮೂತ್ರದಲ್ಲಿ ಹುಡುಕುವ ಒಂದು ವಸ್ತುವಿನ ಚರಿತ್ರೆಯ ಬೆನ್ನು ಹತ್ತುವಂತೆ ಮಾಡಿದ್ದು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ವಸ್ತು ಯಾವುದು ನೋಡೋಣ.

ನಮ್ಮ ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟಂತೆ ಎರಡು ಪುಟ್ಟ ಗ್ರಂಥಿಗಳಿವೆ. ಅಡ್ರಿನಲ್ ಎಂದು ಹೆಸರು. ಕತ್ತಲಲ್ಲಿ ಕಾಲ ಬಳಿ ಏನೋ ಸರಿದಾಡಿದರೆ ಎದೆ ಡವಡವ ಹೊಡೆದುಕೊಳ್ಳುತ್ತದಲ್ಲ, ಅದು ಈ ಗ್ರಂಥಿಯ ಕೆಲಸ. 1894ರಲ್ಲಿ ಇಂಗ್ಲೆಂಡಿನ ಆಲಿವರ್ ಮತ್ತು ಶೇಫರ್ ಎಂಬಿಬ್ಬರು ಈ ಗ್ರಂಥಿಯ ಸಾರವನ್ನು ಪ್ರಾಣಿಗಳಿಗೆ ಚುಚ್ಚಿ, ರಕ್ತದ ಒತ್ತಡ ಜರ್ರನೆ ಏರುವುದನ್ನು ತೋರಿಸಿದರು. 1901ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಜಪಾನಿ ವಿಜ್ಞಾನಿ ತಕಾಮಿನೆ ಆ ಸಾರವನ್ನು ಶುದ್ಧವಾಗಿ ಬೇರ್ಪಡಿಸಿದ. ಅದೇ ಅಡ್ರಿನಲಿನ್. ಭಯ ಕಳೆದ ಕೂಡಲೇ ಗ್ರಂಥಿ ತನ್ನ ನಲ್ಲಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಅಪರೂಪಕ್ಕೆ ಅಲ್ಲೊಂದು ಗಡ್ಡೆ ಬೆಳೆಯುತ್ತದೆ. ಆಗ ಹೆದರಲು ಕಾರಣವೇ ಇಲ್ಲದಿದ್ದರೂ ನಲ್ಲಿ ತೆರೆದುಕೊಳ್ಳುತ್ತದೆ, ತನಗೆ ತೋಚಿದಾಗ.

ಜರ್ಮನಿಯ ಫ್ರೈಬುರ್ಗ್ ಊರಿನಲ್ಲಿ ಮಿನ್ನಾ ರೋಲ್ ಎಂಬ ಹುಡುಗಿಯಿದ್ದಳು. ಹದಿನೆಂಟು ವರ್ಷ. ಇದ್ದಕ್ಕಿದ್ದಂತೆ ಎದೆಬಡಿತ, ಗಾಬರಿ, ತಲೆನೋವು, ಮುಖ ಬಿಳಿಚಿಕೊಳ್ಳುವುದು, ವಾಂತಿ. ಆಸ್ಪತ್ರೆ ಸೇರಿದಳು, ಉಳಿಯಲಿಲ್ಲ. ಶವಪರೀಕ್ಷೆಯಲ್ಲಿ ಎರಡೂ ಅಡ್ರಿನಲ್ ಗ್ರಂಥಿಗಳಲ್ಲಿ ಗಡ್ಡೆ ಕಂಡವು. ಫೆಲಿಕ್ಸ್ ಫ್ರೆಂಕೆಲ್ ಎಂಬ ವೈದ್ಯ 1886ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಅಡ್ರಿನಲಿನ್ ಎಂಬ ಹೆಸರೇ ಹುಟ್ಟದ ಕಾಲ ಅದು. ಗಡ್ಡೆಗೂ ಆ ಎದೆಬಡಿತಕ್ಕೂ ಇರುವ ನಂಟನ್ನು ಹೇಳಬಲ್ಲವರು ಯಾರಿದ್ದರು? ಈ ಹುಡುಗಿಯ ಹೆಸರನ್ನು ಮರೆಯಬೇಡಿ, ಅವಳ ಕತೆ ಅಲ್ಲಿಗೆ ಮುಗಿಯಲಿಲ್ಲ.

1912ರಲ್ಲಿ ಬರ್ಲಿನ್ನಿನ ಲೂಡ್ವಿಗ್ ಪಿಕ್ ಗಡ್ಡೆಗೊಂದು ಹೆಸರು ಕೊಟ್ಟ: ಫಿಯೋಕ್ರೋಮೋಸೈಟೋಮ. ಕ್ರೋಮಿಯಂ ಲವಣ ತಾಗಿಸಿದರೆ ಅದರ ಜೀವಕೋಶಗಳು ಕಂದುಗಪ್ಪು ಬಣ್ಣಕ್ಕೆ ತಿರುಗುತ್ತವೆ, ಅದಕ್ಕೆ ಆ ಗ್ರೀಕ್ ಹೆಸರು. ಪಿಕ್ ಯಹೂದಿ. ನಾಜಿಗಳು ಅವನನ್ನು ಟೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಒಯ್ದರು. 1944ರಲ್ಲಿ ಅಲ್ಲಿಯೇ ಸತ್ತ. ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ಈಗ ನನಗೆ ಅವನ ನೆನಪಾಗುತ್ತದೆ.

ಗಡ್ಡೆಯನ್ನು ತೆಗೆದು ರೋಗಿಯನ್ನು ಉಳಿಸಿದ ಮೊದಲಿಗರು ಇಬ್ಬರು: 1926ರಲ್ಲಿ ಸ್ವಿಟ್ಜರ್ಲೆಂಡಿನ ಸೀಸರ್ ರೂ, ಆಮೇಲೆ ಅಮೆರಿಕದ ಚಾರ್ಲ್ಸ್ ಮೇಯೋ. ಮೇಯೋ ಉಳಿಸಿದ್ದು ಒಬ್ಬ ಕ್ರೈಸ್ತ ಸನ್ಯಾಸಿನಿಯನ್ನು. ಹೊಟ್ಟೆ ತೆರೆಯುವ ತನಕ ಒಳಗೆ ಇಂಥ ಗಡ್ಡೆಯಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮುಂದಿನ ಇಪ್ಪತ್ತು ವರ್ಷ ವೈದ್ಯರಿಗಿದ್ದ ದೊಡ್ಡ ತೊಡಕು ಇದೇ, ತೆರೆಯುವ ಮುಂಚೆ ತಿಳಿಯುವುದು ಹೇಗೆ? ಸ್ಕ್ಯಾನ್ ಇಲ್ಲದ ದಿನಗಳು. 1945ರಲ್ಲಿ ಒಂದು ಪರೀಕ್ಷೆ ಬಂತು. ಹಿಸ್ಟಮಿನ್ ಚುಚ್ಚಿ, ರೋಗಿಗೆ ಬೇಕೆಂದೇ ಆಕ್ರಮಣ ಬರಿಸಿ, ರಕ್ತದೊತ್ತಡ ಏರುತ್ತದೆಯೇ ನೋಡುವುದು. ಹಾವಿದೆಯೇ ಎಂದು ಹುತ್ತಕ್ಕೆ ಕೈ ಹಾಕಿ ನೋಡಿದ ಹಾಗೆ.

ಕೈ ಹಾಕದೆ ತಿಳಿಯುವ ದಾರಿ ತೆರೆದದ್ದು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್. ಅಡ್ರಿನಲಿನ್ನಿಗೆ ನಾರ್‌ಅಡ್ರಿನಲಿನ್ ಎಂಬ ಸೋದರನಿದ್ದಾನೆ, ನರಗಳ ತುದಿಯಲ್ಲಿ ಸಂದೇಶ ಒಯ್ಯುವವನು ಅವನೇ ಎಂದು 1946ರಲ್ಲಿ ತೋರಿಸಿದವನು ಈತ. 1950ರಲ್ಲಿ ಏಂಗೆಲ್ ಎಂಬ ವೈದ್ಯನ ಜೊತೆ ಸೇರಿ, ಈ ಗಡ್ಡೆಯಿರುವವರ ಮೂತ್ರದಲ್ಲಿ ಎರಡೂ ಹಾರ್ಮೋನುಗಳು ಹೆಚ್ಚಾಗಿ ಬರುತ್ತವೆ, ಅದನ್ನು ಅಳೆದು ರೋಗ ಹೇಳಬಹುದು ಎಂದು ಪ್ರಕಟಿಸಿದ. ಅಳೆದದ್ದು ಹೇಗೆ ಗೊತ್ತೇ? ಮೂತ್ರದಿಂದ ತೆಗೆದ ಸಾರವನ್ನು ಬೆಕ್ಕಿಗೆ ಚುಚ್ಚಿ ಅದರ ರಕ್ತದೊತ್ತಡ ನೋಡುವುದು, ಕೋಳಿಯ ಕರುಳಿನ ತುಂಡಿನ ಮೇಲೆ ಹಾಕಿ ಅದು ಎಷ್ಟು ಸಡಿಲುತ್ತದೆ ನೋಡುವುದು. ಪ್ರತಿ ರೋಗಿಗೂ ಬೆಕ್ಕು, ಕೋಳಿ ಹೊಂದಿಸಲು ಯಾವ ಆಸ್ಪತ್ರೆಗೆ ಸಾಧ್ಯ?

ಇಲ್ಲಿ ಒಂದು ಪ್ರಶ್ನೆ ನಿಮಗೂ ಬಂದಿರಬಹುದು. ನೇರವಾಗಿ ರಕ್ತದಲ್ಲೇ ನೋಡಬಾರದೇ, ಮೂತ್ರವೇ ಏಕೆ? ಅಡ್ರಿನಲಿನ್ ರಕ್ತದಲ್ಲಿ ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಆಕ್ರಮಣ ಬಂದು ಹೋದ ಮೇಲೆ ರಕ್ತ ತೆಗೆದರೆ ಕಳ್ಳ ಓಡಿಹೋದ ಮೇಲೆ ದೀಪ ಹಚ್ಚಿದಂತೆ. ಮೂತ್ರ ಹಾಗಲ್ಲ. ಅದು ಹಾಲಿನವಳ ಲೆಕ್ಕದ ಪುಸ್ತಕ. ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಎಲ್ಲವೂ ಅದರಲ್ಲಿ ಕೂಡಿರುತ್ತದೆ. ಅದಕ್ಕೇ ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದೇ ಕ್ಯಾನಿನಲ್ಲಿ ತುಂಬಿಸುವ ಪದ್ಧತಿ ಬಂದದ್ದು.

ಬೆಕ್ಕು ಕೋಳಿಗಳಿಗೆ ಬಿಡುಗಡೆ ಸಿಕ್ಕಿದ್ದು 1957ರಲ್ಲಿ. ಅಮೆರಿಕದಲ್ಲಿ ಆರ್ಮ್‌ಸ್ಟ್ರಾಂಗ್ ಎಂಬಾತ ಮತ್ತು ಅವನ ಜೊತೆಯವರು, ಈ ಹಾರ್ಮೋನುಗಳು ದೇಹದಲ್ಲಿ ಕರಗಿ ಕೊನೆಗೆ ಒಂದು ಆಮ್ಲವಾಗಿ ಮೂತ್ರದಲ್ಲಿ ಬೀಳುತ್ತವೆ, ಗಡ್ಡೆಯಿರುವವರಲ್ಲಿ ಅದು ಹೇರಳ ಎಂದು ಕಂಡುಹಿಡಿದರು. ಲ್ಯಾಬಿನವರು ಚುಟುಕಾಗಿ ವಿ.ಎಂ.ಎ. ಎನ್ನುತ್ತಾರೆ. ಐಸ್‌ಕ್ರೀಮಿಗೆ ಹಾಕುವ ವೆನಿಲಾಕ್ಕೆ ರಸಾಯನಶಾಸ್ತ್ರದಲ್ಲಿ ಇದು ಹತ್ತಿರದ ನೆಂಟ. ಪೂರ್ಣ ಹೆಸರಿನಲ್ಲಿ ಆ ವೆನಿಲಾ ಕೂತಿದೆ. ಆ ವರದಿಯ ಸಾರಾಂಶವನ್ನು ಓದಿದ ಜೂಲಿಯಸ್ ಆಕ್ಸೆಲ್‌ರಾಡ್ ಎಂಬಾತ ಕೂಡಲೇ ತನ್ನ ಪ್ರಯೋಗಶಾಲೆಗೆ ಹೋಗಿ ಇಲಿಯ ಯಕೃತ್ತಿನ ಸಾರದಲ್ಲಿ ಪ್ರಯೋಗ ಮಾಡಿದ. ಹಾರ್ಮೋನಿಗೂ ಆ ಕೊನೆಯ ಆಮ್ಲಕ್ಕೂ ನಡುವೆ ಇನ್ನೊಂದು ಮೆಟ್ಟಿಲಿದೆ ಎಂದು ಕಂಡಿತು. ಅದಕ್ಕೆ ಮೆಟನೆಫ್ರಿನ್ ಎಂದು ಹೆಸರಿಟ್ಟ.

ಆಕ್ಸೆಲ್‌ರಾಡನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನ್ಯೂಯಾರ್ಕಿನ ಬಡ ವಲಸಿಗರ ಮಗ. ವೈದ್ಯನಾಗಬೇಕೆಂದು ಅರ್ಜಿ ಹಾಕಿದ, ಯಾವ ಕಾಲೇಜೂ ಸೀಟು ಕೊಡಲಿಲ್ಲ. ಲ್ಯಾಬಿನಲ್ಲಿ ಕೆಳಗಿನ ಕೆಲಸ ಮಾಡುತ್ತ ರಾತ್ರಿ ತರಗತಿಗಳಲ್ಲಿ ಎಂ.ಎಸ್ಸಿ. ಮುಗಿಸಿದ. ಅಮೋನಿಯ ಸೀಸೆ ಸಿಡಿದು ಎಡಗಣ್ಣು ಹೋಯಿತು. ಪಿಎಚ್.ಡಿ. ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, 1955ರಲ್ಲಿ. ಹದಿನೈದು ವರ್ಷಕ್ಕೆ, 1970ರಲ್ಲಿ, ಫಾನ್ ಆಯ್ಲರ್ ಮತ್ತು ಕ್ಯಾಟ್ಸ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ನೊಬೆಲ್. ಮದುವೆ ಮಕ್ಕಳಾದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಎ. ಕಟ್ಟಿ, ಅಡಿಗೆಮನೆಯ ಬಾಗಿಲಿಗೆ ಒರಗಿ ಓದುವ ನನ್ನ ಗೆಳತಿಯರಿಗೆಲ್ಲ ಈ ಕತೆ ಹೇಳಿದ್ದೇನೆ.

ಈಗ ನಮ್ಮ ಮನೆಯ ವಿಷಯ. 1998ರ ಮಾತು. ನನ್ನ ನಾದಿನಿಗೆ ಆಗ ಮೂವತ್ತು. ನೆಲ ಒರೆಸಲು ಬಗ್ಗಿದರೆ, ಕೊಡ ಎತ್ತಿದರೆ, ಒಮ್ಮೊಮ್ಮೆ ಸುಮ್ಮನೆ ಕೂತಿದ್ದಾಗಲೂ, ತಲೆ ಒಡೆದುಹೋಗುವಂಥ ನೋವು, ಮೈಯೆಲ್ಲ ಬೆವರು, ಎದೆ ಹೊಡೆತ. ಮುಖ ಸುಣ್ಣದ ಹಾಗೆ ಬಿಳುಚುತ್ತಿತ್ತು. ಕಾಲು ಗಂಟೆ, ಅರ್ಧ ಗಂಟೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಪಾತ್ರೆ ತೊಳೆಯುತ್ತಿದ್ದಳು. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಬಿ.ಪಿ. ಸರಿಯಾಗಿರುತ್ತಿತ್ತು. "ನರದ ವೀಕ್‌ನೆಸ್ಸು, ಯೋಚನೆ ಜಾಸ್ತಿ ಮಾಡ್ಬೇಡಿ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟವರು ಮೂರು ಜನ. ಅವಳ ಅತ್ತೆಮನೆಯಲ್ಲಿ ಇದು ಕೆಲಸ ತಪ್ಪಿಸಿಕೊಳ್ಳುವ ನಾಟಕವಾಯಿತು. ನಮ್ಮ ಅತ್ತೆ ಚೌಡಮ್ಮನಿಗೆ ಹರಕೆ ಕಟ್ಟಿಕೊಂಡರು. ನಾಲ್ಕು ವರ್ಷ ಹೀಗೇ ಹೋಯಿತು. ಹೆಂಗಸಿನ ಎದೆ ಹೊಡೆದುಕೊಂಡರೆ ಅದಕ್ಕೆ ಮನಸ್ಸೇ ಕಾರಣ ಎಂದು ಎಷ್ಟು ಸುಲಭವಾಗಿ ಹೇಳಿಬಿಡುತ್ತಾರೆ!

ಕೊನೆಗೆ ಒಂದು ದಿನ ದವಾಖಾನೆಯ ಬೆಂಚಿನ ಮೇಲೆಯೇ ಅವಳಿಗೆ ಹಾಗಾಯಿತು. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಓಡಿಬಂದು ಪಟ್ಟಿ ಸುತ್ತಿದರೆ ಪಾದರಸ 230ಕ್ಕೆ ಏರಿತ್ತು. ಅವರು ಏನೂ ಹೇಳದೆ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನಲ್ಲಿ ನಾವು ಉಳಿದದ್ದು ನಮ್ಮ ಯಜಮಾನರ ಚಿಕ್ಕಪ್ಪನ ಮನೆಯಲ್ಲಿ. ಆಸ್ಪತ್ರೆಯವರು ದೊಡ್ಡದೊಂದು ಪ್ಲಾಸ್ಟಿಕ್ ಕ್ಯಾನು ಕೊಟ್ಟರು. ಒಳಗೆ ಸ್ವಲ್ಪ ಆಸಿಡ್ ಇದೆ, ಮಗ್ಗಿನಲ್ಲಿ ಹಿಡಿದು ಹುಷಾರಾಗಿ ಸುರಿಯಬೇಕು, ಬೆಳಿಗ್ಗೆಯ ಮೊದಲನೆಯದನ್ನು ಚೆಲ್ಲಬೇಕು, ಅಲ್ಲಿಂದ ಮಾರನೆಯ ಬೆಳಿಗ್ಗೆಯ ಮೊದಲನೆಯದರವರೆಗೆ ಒಂದು ತೊಟ್ಟೂ ಬಿಡಬಾರದು, ತಂಪಾದ ಜಾಗದಲ್ಲಿಡಬೇಕು. ಮೂರು ದಿನ ಮುಂಚಿನಿಂದ ಕಾಫಿ, ಟೀ, ಬಾಳೆಹಣ್ಣು, ಚಾಕಲೇಟು, ವೆನಿಲಾ ಹಾಕಿದ ತಿಂಡಿ ಯಾವುದೂ ಕೂಡದು. ಅಂದಿನ ಪರೀಕ್ಷೆಯಲ್ಲಿ ಇವೆಲ್ಲ ಲೆಕ್ಕ ಕೆಡಿಸುತ್ತಿದ್ದವು. "ಅತ್ತಿಗೆ, ಕಾಫಿ ಬಿಟ್ಟು ಬಂದ ತಲೆನೋವು ಯಾವುದು, ಆ ತಲೆನೋವು ಯಾವುದು ಅಂತ ನನಗೇ ಗೊತ್ತಾಗ್ತಿಲ್ಲ" ಎಂದು ಅವಳು ಆ ಸಂಕಟದಲ್ಲೂ ನಕ್ಕಳು. ತಂಪಾದ ಜಾಗ ಎಂದರೆ ಫ್ರಿಜ್ಜು. ಫ್ರಿಜ್ಜಿನಲ್ಲಿ ದೇವರ ನೈವೇದ್ಯದ ಹಾಲು. ಚಿಕ್ಕತ್ತೆ ಬಾಯಿ ಬಿಟ್ಟು ಬೇಡ ಎನ್ನಲಿಲ್ಲ, ಅವರ ಮುಖ ನೋಡಿ ನಾನೇ ಬಚ್ಚಲಲ್ಲಿ ಬಕೆಟ್ಟಿಗೆ ಐಸ್ ಹಾಕಿ ಅದರಲ್ಲಿ ಕ್ಯಾನು ಇಳಿಸಿದೆ. ಮಾರನೆಯ ದಿನ ಅದನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಎರಡು ಕಟ್ಟು ಕೊತ್ತಂಬರಿ ಸೊಪ್ಪು ಹರಡಿ, ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆವು.

ವಾರ ಬಿಟ್ಟು ವರದಿ ಬಂತು. ವಿ.ಎಂ.ಎ. ಇರಬೇಕಾದದ್ದರ ನಾಲ್ಕು ಪಟ್ಟು. ಸ್ಕ್ಯಾನಿನಲ್ಲಿ ಬಲಗಡೆ ದೊಡ್ಡ ನಿಂಬೆಹಣ್ಣಿನಷ್ಟು ಗಡ್ಡೆ. ಎರಡು ವಾರ ಮಾತ್ರೆ ಕೊಟ್ಟು ರಕ್ತದೊತ್ತಡವನ್ನು ಹತೋಟಿಗೆ ತಂದ ಮೇಲೆಯೇ ಆಪರೇಷನ್ ಮಾಡಿದರು. ಹಾಗೆ ಮಾಡದೆ ಗಡ್ಡೆಗೆ ಕೈ ತಾಗಿಸಿದರೆ ನಿಂಬೆ ಹಿಂಡಿದ ಹಾಗೆ ಹಾರ್ಮೋನು ರಕ್ತಕ್ಕೆ ನುಗ್ಗಿ ಮೇಜಿನ ಮೇಲೆಯೇ ಪ್ರಾಣ ಹೋಗುವ ಭಯವಿದೆಯಂತೆ. ಅವಳೀಗ ಅಜ್ಜಿಯಾಗಿದ್ದಾಳೆ. ವರದಿಯ ಆ ಹಾಳೆಯನ್ನು ಅವಳು ಎಸೆಯಲಿಲ್ಲ. ಅತ್ತೆಮನೆಯ ಬೀರುವಿನಲ್ಲಿ, ಮನೆಪತ್ರದ ಜೊತೆಗೇ ಇಟ್ಟಿದ್ದಾಳೆ. ಅವಳದು ನಾಟಕವಲ್ಲ ಎಂಬುದಕ್ಕೆ ಅದು ಸರ್ಕಾರಿ ಮೊಹರಿಗಿಂತ ಹೆಚ್ಚು.

ಇಷ್ಟು ಓದಿದ ಮೇಲೆ ಯಾರಿಗಾದರೂ ಅನ್ನಿಸುವುದು ಒಂದೇ: ಇಷ್ಟು ಒಳ್ಳೆಯ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಬಿಟ್ಟರೆ ಏನು ತಪ್ಪು? ನನಗೂ ಹಾಗೇ ಅನ್ನಿಸಿತ್ತು. ಅದನ್ನೇ ಒಂದು ದೇಶ ಮಾಡಿ ನೋಡಿತು. ಅದು ದೊಡ್ಡವರ ಗಡ್ಡೆಯ ವಿಷಯವಲ್ಲ, ಕೂಸುಗಳದು.

ನ್ಯೂರೋಬ್ಲಾಸ್ಟೋಮ ಎಂಬುದು ಎಳೆಯ ಮಕ್ಕಳ ಕ್ಯಾನ್ಸರ್. ಬಲಿಯದ ನರಕೋಶಗಳಿಂದ ಹುಟ್ಟುತ್ತದೆ, ಬಹಳ ಸಲ ಅದೇ ಅಡ್ರಿನಲ್ಲಿನಲ್ಲಿ. ಅದೂ ಮೂತ್ರಕ್ಕೆ ವಿ.ಎಂ.ಎ. ಬಿಡುತ್ತದೆ. ವರ್ಷ ತುಂಬುವ ಮೊದಲು ಕಂಡುಬಂದ ಮಕ್ಕಳು ಹೆಚ್ಚಾಗಿ ಉಳಿಯುತ್ತಿದ್ದರು. ಅದರಾಚೆ, ದೇಹದಲ್ಲೆಲ್ಲ ಹರಡಿದ ಮೇಲೆ ಕಂಡವರು ಹೆಚ್ಚಾಗಿ ಉಳಿಯುತ್ತಿರಲಿಲ್ಲ. ಹಾಗಾದರೆ ಎಲ್ಲ ಕೂಸುಗಳನ್ನೂ ವರ್ಷದೊಳಗೇ ಪರೀಕ್ಷಿಸಿದರೆ? ಜಪಾನಿನ ಕ್ಯೋಟೋದಲ್ಲಿ ಸವಾಡ ಎಂಬ ವೈದ್ಯರು 1970ರ ದಶಕದಲ್ಲಿ ಇದನ್ನು ಆರಂಭಿಸಿದರು. 1985ರಿಂದ ಅದು ಇಡೀ ದೇಶದ ಕಾರ್ಯಕ್ರಮವಾಯಿತು. ಮಗುವಿಗೆ ಆರು ತಿಂಗಳಾದಾಗ ತಾಯಿ ಅದರ ಮೂತ್ರದಲ್ಲಿ ಒಂದು ಸೋಸುಕಾಗದ ನೆನೆಸಿ, ಒಣಗಿಸಿ, ಅಂಚೆಗೆ ಹಾಕಬೇಕು. ಸೂಜಿಯಿಲ್ಲ, ನೋವಿಲ್ಲ, ಮಗು ಅಳುವುದೂ ಇಲ್ಲ. ಇದಕ್ಕಿಂತ ಸೌಮ್ಯವಾದ ಪರೀಕ್ಷೆ ಯಾವುದಿದ್ದೀತು?

ಗಡ್ಡೆಗಳು ಸಿಕ್ಕವು. ಆದರೆ ಸಿಗಬೇಕಾದ್ದಕ್ಕಿಂತ ಬಹಳ ಹೆಚ್ಚು ಸಿಕ್ಕವು. ಎಳೆಗೂಸುಗಳಲ್ಲಿ ರೋಗದ ಸಂಖ್ಯೆ ಏರಿತು, ದೊಡ್ಡ ಮಕ್ಕಳಲ್ಲಿ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಈ ಗಡ್ಡೆಗೊಂದು ವಿಚಿತ್ರ ಗುಣವಿದೆ. ಎಳೆಯ ಮಕ್ಕಳಲ್ಲಿ ಎಷ್ಟೋ ಸಲ ಅದು ತಾನಾಗಿಯೇ ಕರಗಿಹೋಗುತ್ತದೆ. ಬೇರೆ ಕಾರಣಕ್ಕೆ ಸತ್ತ ಕೂಸುಗಳ ಅಡ್ರಿನಲ್ಲಿನಲ್ಲಿ ಇಂಥ ಸಣ್ಣ ಗಂಟುಗಳು ಎಣಿಸಿದ್ದಕ್ಕಿಂತ ಹೆಚ್ಚಾಗಿ ಇರುವುದನ್ನು ಬೆಕ್‌ವಿತ್ ಮತ್ತು ಪೆರಿನ್ ಎಂಬ ಅಮೆರಿಕದ ವೈದ್ಯರು 1963ರಲ್ಲೇ ಬರೆದಿದ್ದರು. ಕರಗುವ ಗಡ್ಡೆ ಒಂದು ಜಾತಿ, ಕೊಲ್ಲುವ ಗಡ್ಡೆ ಇನ್ನೊಂದು ಜಾತಿ. ಆರು ತಿಂಗಳ ಸೋಸುಕಾಗದಕ್ಕೆ ಸಿಗುತ್ತಿದ್ದದ್ದು ಹೆಚ್ಚಾಗಿ ಮೊದಲನೆಯದು. ಎರಡನೆಯದು ಆ ವಯಸ್ಸಿನಲ್ಲಿ ಇನ್ನೂ ಕಾಣಿಸಿಕೊಂಡಿರುತ್ತಿರಲಿಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತದವರು 1989ರಿಂದ 1994ರವರೆಗೆ ಹುಟ್ಟಿದ ಸುಮಾರು 4 ಲಕ್ಷ 76 ಸಾವಿರ ಮಕ್ಕಳಿಗೆ, ಮೂರು ವಾರವಾದಾಗ ಒಮ್ಮೆ, ಆರು ತಿಂಗಳಾದಾಗ ಒಮ್ಮೆ ಈ ಪರೀಕ್ಷೆಗೆ ಏರ್ಪಾಡು ಮಾಡಿ, ಪರೀಕ್ಷೆಯಿಲ್ಲದ ಬೇರೆ ಕಡೆಯ ಮಕ್ಕಳ ಜೊತೆ ಹೋಲಿಸಿದರು. ಜರ್ಮನಿಯವರು ಸುಮಾರು ಒಂದು ವರ್ಷದ ಮಕ್ಕಳಿಗೆ ಮಾಡಿದರು, 14 ಲಕ್ಷ 75 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ. ಎರಡು ವರದಿಗಳೂ 2002ರಲ್ಲಿ ಒಟ್ಟಿಗೇ ಪ್ರಕಟವಾದವು. ಸಾವು ಕಡಿಮೆಯಾಗಿರಲಿಲ್ಲ. ಜರ್ಮನಿಯಲ್ಲಿ ಪರೀಕ್ಷೆಯಿಂದ 149 ಮಕ್ಕಳಲ್ಲಿ ಗಡ್ಡೆ ಸಿಕ್ಕಿತ್ತು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಿದ್ದ ಮಕ್ಕಳಲ್ಲಿ 55 ಮಂದಿಗೆ ಆಮೇಲೆ ರೋಗ ಕಾಣಿಸಿಕೊಂಡಿತು, ಅವರಲ್ಲಿ 14 ಮಕ್ಕಳು ತೀರಿಕೊಂಡರು. 2003ರಲ್ಲಿ ಜಪಾನಿನ ತಜ್ಞರ ಸಮಿತಿ ತಮ್ಮ ಕಾರ್ಯಕ್ರಮ ನಿಲ್ಲಿಸುವಂತೆ ಹೇಳಿತು, ಅದು ನಿಂತಿತು. 2008ರಲ್ಲಿ ಜಪಾನಿ ವೈದ್ಯರದೇ ಇನ್ನೊಂದು ಅಧ್ಯಯನ, ಅಷ್ಟಿಷ್ಟು ಜೀವ ಉಳಿದಿರಬಹುದು ಎಂದು ವಾದಿಸಿತು. ಕಾರ್ಯಕ್ರಮವೇನೋ ಮತ್ತೆ ಶುರುವಾಗಲಿಲ್ಲ.

ನನ್ನ ಮನಸ್ಸು ಹೋಗುವುದು ಆ ತಾಯಂದಿರ ಕಡೆಗೆ. ನಗುತ್ತ, ಹಾಲು ಕುಡಿಯುತ್ತ, ಬೋರಲು ಬೀಳಲು ಕಲಿತ ಕೂಸು. ಅಂಚೆಯಲ್ಲಿ ಒಂದು ಕಾಗದ ಬರುತ್ತದೆ. ಆಮೇಲೆ ಆಸ್ಪತ್ರೆ, ಹೊಟ್ಟೆ ಕೊಯ್ಯುವುದು, ಕೆಲವು ಮಕ್ಕಳಿಗೆ ಕ್ಯಾನ್ಸರಿನ ಔಷಧ. ಮಗು ಉಳಿದರೆ ಆ ತಾಯಿ ಜನ್ಮವಿಡೀ ಪರೀಕ್ಷೆಗೆ ಕೈ ಮುಗಿಯುತ್ತಾಳೆ. ಸುಮ್ಮನಿದ್ದಿದ್ದರೂ ಅದು ಕರಗುತ್ತಿತ್ತೇ ಎಂದು ಅವಳಿಗೆ ಯಾರೂ ಹೇಳಲಾರರು. ಕೆಲವು ಜಪಾನಿ ವೈದ್ಯರು 1990ರ ದಶಕದಲ್ಲಿ ಧೈರ್ಯ ಮಾಡಿ, ತಂದೆತಾಯಿಯರ ಒಪ್ಪಿಗೆ ಪಡೆದು, ಸಣ್ಣ ಗಡ್ಡೆಗಳನ್ನು ಮುಟ್ಟದೆ ನೋಡುತ್ತ ಕಾದರು. ಕಾದವರ ಕಣ್ಣೆದುರೇ ಗಡ್ಡೆಗಳು ಕುಗ್ಗಿದವು. ಆ ತಿಂಗಳುಗಳಲ್ಲಿ ಮನೆಯ ತಾಯಿ ಹೇಗೆ ನಿದ್ದೆ ಮಾಡಿದಳೋ! ವರದಿಗಳಲ್ಲಿ ಅದನ್ನು ಯಾರೂ ಬರೆದಿಲ್ಲ.

ನಮ್ಮ ಊರಿನಲ್ಲೂ ಈಗ ಹಬ್ಬದ ರಿಯಾಯಿತಿಯಲ್ಲಿ ಅರವತ್ತು ಪರೀಕ್ಷೆ, ಎಂಬತ್ತು ಪರೀಕ್ಷೆಗಳ ಪ್ಯಾಕೇಜು ಮಾರುತ್ತಾರೆ. ಸೀರೆ ಅಂಗಡಿಯ ಹಾಗೆ ಕರಪತ್ರ ಹಂಚುತ್ತಾರೆ. ನಮ್ಮ ಮಹಿಳಾ ಸಮಾಜದವರು ಒಟ್ಟಾಗಿ ಮಾಡಿಸೋಣ ಎಂದು ನನ್ನನ್ನೂ ಕರೆದರು. ನಾನು ಬಿ.ಪಿ. ಮತ್ತು ಸಕ್ಕರೆ ಸಾಕು ಎಂದೆ. ಕಾರ್ಯದರ್ಶಿಗೆ ಬೇಸರವಾಯಿತು. ಇದೇ ನಾನು, ಪಕ್ಕದ ಬೀದಿಯ ಹುಡುಗಿಯೊಬ್ಬಳು ಹೀಗೇ ಬೆವರಿ ಬಿಳುಚುತ್ತಾಳೆ, ಗಾಬರಿ ಕಾಯಿಲೆಯಂತೆ ಎಂದು ಯಾರೋ ಹೇಳಿದಾಗ, ಅವರ ಮನೆಗೆ ಹೋಗಿ ಅವಳ ತಾಯಿಗೆ ಮೆಟನೆಫ್ರಿನ್ ಎಂಬ ಹೆಸರನ್ನು ಕಾಗದದಲ್ಲಿ ಬರೆದುಕೊಟ್ಟು ಬಂದೆ. ಈಗ ಲ್ಯಾಬುಗಳು ಅಳೆಯಲು ಇಷ್ಟಪಡುವುದು ಅದನ್ನೇ. ಆಕ್ರಮಣವಿಲ್ಲದ ಹೊತ್ತಿನಲ್ಲೂ ಗಡ್ಡೆಯಿಂದ ಅದು ಜಿನುಗುತ್ತಲೇ ಇರುತ್ತದೆ, ರಕ್ತದಲ್ಲೂ ಸಿಗುತ್ತದೆ, ಮೂತ್ರದಲ್ಲೂ ಸಿಗುತ್ತದೆ. ಆ ಹುಡುಗಿಗೆ ಗಡ್ಡೆ ಇರಲಿಲ್ಲ, ಥೈರಾಯ್ಡ್ ಇತ್ತು.

ಮಿನ್ನಾ ರೋಲ್‌ಳನ್ನು ಬಿಟ್ಟುಬಂದಿದ್ದೆವಲ್ಲ. 2007ರಲ್ಲಿ ಅದೇ ಫ್ರೈಬುರ್ಗಿನ ವೈದ್ಯರು ಅವಳ ಹಳೆಯ ದಾಖಲೆಗಳನ್ನು ಮತ್ತೆ ತೆರೆದರು. ಅವಳ ವಂಶದವರನ್ನು ಹುಡುಕಿದರು. ಅವರಲ್ಲಿ ಈ ಗಡ್ಡೆಯನ್ನೂ ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರನ್ನೂ ತರುವ ವಂಶವಾಹಿ ದೋಷ ಕಂಡುಬಂತು. ಎರಡೂ ಕಡೆ ಗಡ್ಡೆಯಿದ್ದ ಆ ಹುಡುಗಿಗೆ ರೋಗ ಬಂದದ್ದು ರಕ್ತಸಂಬಂಧದಿಂದ ಎಂದು 121 ವರ್ಷದ ಮೇಲೆ ತಿಳಿಯಿತು. ಇಂಥ ದೋಷ ಗೊತ್ತಾದ ಮನೆತನದ ಮಕ್ಕಳಿಗೆ, ಏನೂ ತೊಂದರೆ ಕಾಣದಿದ್ದರೂ, ಹನ್ನೊಂದನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ರಕ್ತದಲ್ಲೋ ಇಪ್ಪತ್ತನಾಲ್ಕು ಗಂಟೆಯ ಮೂತ್ರದಲ್ಲೋ ಮೆಟನೆಫ್ರಿನ್ ನೋಡಬೇಕೆಂದು ವೈದ್ಯರು ಹೇಳುತ್ತಾರೆ. ಹನ್ನೊಂದು ಎಂದರೆ ನಮ್ಮ ಶಾಲೆಯ ಆರನೆಯ ತರಗತಿ. ಒಂದಕ್ಕೆ ಹೋಗಬೇಕೆಂದು ಕಿರುಬೆರಳು ಎತ್ತಲೂ ನಾಚಿಕೊಳ್ಳುವ ವಯಸ್ಸು. ಕ್ಯಾನು ಹಿಡಿದು ಹೋಗು ಎಂದು ಆ ಮಗುವಿಗೆ ಯಾರು, ಯಾವ ಮಾತಿನಲ್ಲಿ ಹೇಳುತ್ತಾರೋ.